ಜಾಕ್‌ಪಾಟ್ ಮೀಟರ್ ಎಷ್ಟಾದರೆ ಕೂರಬಹುದು? ಚೋರ್ಲಾ ಘಾಟ್ ಇಳಿಯುವ ಮೊದಲು ಹಾಕಬೇಕಾದ ಲೆಕ್ಕ

ನಮ್ಮ ಓಣಿಯ ಕಾಕಾ ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿದ್ದಾರೆ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಮನುಷ್ಯ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಮಾಲು ಹೊಳ್ಳಿ ಬರುತ್ತದೆ ಎಂಬುದು ಅವರಿಗೆ ಗೊತ್ತು. ಅಂಥವರು ಪಣಜಿಯ ಕ್ಯಾಸಿನೊಗೆ ಹೋಗಿ ಸ್ಲಾಟ್ (ದುಡ್ಡು ಹಾಕಿ ಚಕ್ರ ತಿರುಗಿಸುವ ಜೂಜಿನ ಯಂತ್ರ) ಆಡಿ ಬಂದ ಮರುದಿನ ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು: "ಸರ, ಆ ಮಷಿನ್ ಮ್ಯಾಲಿನ ನಂಬರ ಏರಕೋತ ಹೊಂಟೈತ್ರಿ. ಹೋದ ಸಲ ಹದಿನೆಂಟ ಲಕ್ಷ ಇತ್ತು, ಈಗ ಇಪ್ಪತ್ನಾಕ. ಇನ್ನೇನ ಬೀಳೂದ ಐತಿ. ಮುಂದಿನ ವಾರ ಮತ್ತ ಹೋಗಲೇನು?"

ನಾನು ಸಂಖ್ಯಾಶಾಸ್ತ್ರ ಕಲಿಸುವವನು. "ಹೋಗಬ್ಯಾಡ್ರಿ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಕಾಕಾ ಕೇಳುವವರಲ್ಲ. ಅದಕ್ಕೇ ಅವರ ವರ್ಕ್‌ಶಾಪಿನ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ಆ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಏಳನೇ ತರಗತಿಯ ಗುಣಾಕಾರ ಭಾಗಾಕಾರ ಬಂದರೆ ಸಾಕು.

ಮೊದಲು ಕಾನೂನು, ಚುಟುಕಾಗಿ. ಕರ್ನಾಟಕದಲ್ಲಿ ಹಣ ಕಟ್ಟಿ ಜೂಜಾಡುವುದು 1963ರ ಪೊಲೀಸ್ ಕಾಯ್ದೆಯಡಿ ಅಪರಾಧ. ಲಾಟರಿಯೂ 2007ರಿಂದ ಬಂದ್. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ. ಆದ್ದರಿಂದ ಫೋನಿನಲ್ಲಿ ಬರುವ "ಸ್ಲಾಟ್" ಲಿಂಕುಗಳಿಗೆ ಈ ಲೆಕ್ಕ ಹಚ್ಚಬೇಡಿ, ಅಲ್ಲಿ ಗೆದ್ದ ದುಡ್ಡು ಕೈಗೆ ಬರುತ್ತದೆ ಎಂಬುದೇ ಖಾತ್ರಿಯಿಲ್ಲ. ಗೋವಾದ ಮಾತು ಬೇರೆ. ಅಲ್ಲಿನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಕ್ಕೆ ಅನುಮತಿ ಕೊಟ್ಟರು, ಆಮೇಲೆ ಹಡಗುಗಳೂ ಬಂದವು. 21 ತುಂಬಿರಬೇಕು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಇಳಿದರೆ ಮೂರು ತಾಸಿನ ಹಾದಿ ಎಂಬುದರಿಂದಲೇ ಬೆಳಗಾವಿಯವರಿಗೆ ಈ ಚಟ ಸುಲಭ. ಒಂದು ತಮಾಷೆ ನೋಡಿ: ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಕ್ಯಾಸಿನೊ ಹಡಗುಗಳು ತೇಲುವುದು ನಮ್ಮ ಹೊಳೆಯ ನೀರಿನ ಮೇಲೆಯೇ. ನೀರಿನ ಹಿಂದೆ ದುಡ್ಡೂ ಘಟ್ಟ ಇಳಿಯುತ್ತದೆ.

ಯಂತ್ರದೊಳಗೆ ಏನಿದೆ

ನಮ್ಮ ಕಡೆಯ ಭಿಶಿ ಎಲ್ಲರಿಗೂ ಗೊತ್ತು. ಹತ್ತು ಮಂದಿ ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ, ಒಬ್ಬ ಎತ್ತುತ್ತಾನೆ. ಏರುವ ಜಾಕ್‌ಪಾಟ್ ಹೆಚ್ಚುಕಮ್ಮಿ ಹಾಗೆಯೇ. ಯಾರೇ ಒಂದು ಸ್ಪಿನ್ ಮಾಡಿದರೂ ಅವರ ಬೆಟ್ಟಿನ ಒಂದು ಸಣ್ಣ ಪಾಲು, ರೂಪಾಯಿಗೆ ಒಂದು ಪೈಸೆಯೋ ಎರಡು ಪೈಸೆಯೋ, ಯಂತ್ರದ ಮೇಲೆ ಜಾಕ್‌ಪಾಟ್ ಮೊತ್ತ ತೋರಿಸುವ ಮೀಟರಿಗೆ ಸೇರುತ್ತದೆ. ಯಾರಿಗೋ ಜಾಕ್‌ಪಾಟ್ ಬಿದ್ದ ಕೂಡಲೇ ಮೀಟರ್ ಮತ್ತೆ ಶುರುವಿನ ಮೊತ್ತಕ್ಕೆ ಇಳಿಯುತ್ತದೆ. ವ್ಯತ್ಯಾಸ ಎರಡು. ಭಿಶಿಯಲ್ಲಿ ಪ್ರತಿಯೊಬ್ಬನಿಗೂ ಸರದಿ ಬರುತ್ತದೆ, ಇಲ್ಲಿ ಬರುವುದಿಲ್ಲ. ಭಿಶಿ ನಡೆಸುವವನು ತೆಗೆದುಕೊಳ್ಳುವ ಕಮಿಷನ್ ಎಲ್ಲರಿಗೂ ಗೊತ್ತಿರುತ್ತದೆ, ಇಲ್ಲಿ ಅದು ಯಂತ್ರದ ಹೊಟ್ಟೆಯಲ್ಲಿರುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಪ್ರತಿ ಸ್ಪಿನ್ನಿನ ಫಲವನ್ನು ಯಂತ್ರದೊಳಗಿನ ಚಿಪ್ ಆ ಕ್ಷಣದಲ್ಲಿ ಆರಿಸಿದ ಒಂದು ಸಂಖ್ಯೆ ನಿರ್ಧರಿಸುತ್ತದೆ. ನಮಗೆ ಕಾಣುವ ಚಕ್ರ ಬರೀ ನಾಟಕ. 1984ರಲ್ಲಿ ಇಂಗೆ ಟೆಲ್ನೇಸ್ ಎಂಬುವರಿಗೆ ಸಿಕ್ಕ ಅಮೆರಿಕದ ಪೇಟೆಂಟ್ ಈ ದಾರಿ ತೆರೆಯಿತು. ಚಕ್ರದ ಮೇಲೆ ಇಪ್ಪತ್ತೆರಡು ಚಿತ್ರ ಕಂಡರೂ ಒಳಗಿನ ಲೆಕ್ಕದಲ್ಲಿ ನೂರಾರು ಮನೆಗಳಿರಬಹುದು, ಜಾಕ್‌ಪಾಟಿನ ಚಿತ್ರಕ್ಕೆ ಅದರಲ್ಲಿ ಒಂದೇ ಮನೆ. ಹಾಗಾಗಿ "ಒಂದ ಕೂದಲದಾಗ ತಪ್ಪಿತು" ಎಂದು ಅನಿಸುವುದಕ್ಕೆ ಅರ್ಥವಿಲ್ಲ. "ಬಾಳ ದಿನ ಆತು, ಬಿದ್ದಿಲ್ಲ, ಇನ್ನ ಬೀಳತೈತಿ" ಎಂಬುದಕ್ಕೂ ಇಲ್ಲ. ನಿನ್ನೆಯ ಸ್ಪಿನ್ ಚಿಪ್ಪಿಗೆ ನೆನಪಿರುವುದಿಲ್ಲ. ಮೀಟರ್ ಏರಿದರೆ ಬೀಳುವ ಸಾಧ್ಯತೆ ಏರುವುದಿಲ್ಲ, ಬಿದ್ದಾಗ ಸಿಗುವ ದುಡ್ಡು ಮಾತ್ರ ಏರುತ್ತದೆ. ಕಾಕಾನ ತಪ್ಪು ಇದ್ದದ್ದು ಇಷ್ಟೇ. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ದುಡ್ಡು ಏರುತ್ತಾ ಹೋದರೆ ಎಲ್ಲೋ ಒಂದು ಕಡೆ ಆಟ ನಮ್ಮ ಪರ ತಿರುಗಲೇಬೇಕು. ಆ ಜಾಗ ಎಲ್ಲಿ?

ಮೊದಲ ಹೆಜ್ಜೆ: ಸೋರಿಕೆ ಕಂಡುಹಿಡಿಯುವುದು

ಓಸಿ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ (ಆಡಿ ಅಂತಲ್ಲ). ಹತ್ತು ಅಂಕಿ, ಒಂದರ ಮೇಲೆ ಹತ್ತು ರೂಪಾಯಿ, ಬಿದ್ದರೆ ತೊಂಬತ್ತು. ಹತ್ತು ಸಲ ಆಡಿದರೆ ನೂರು ಕಟ್ಟಿ ಸರಾಸರಿ ಒಂದು ಸಲ ತೊಂಬತ್ತು ಬರುತ್ತದೆ. ಅಂದರೆ ನೂರಕ್ಕೆ ಹತ್ತು ಸೋರಿತು.

ಸ್ಲಾಟಿನಲ್ಲೂ ಹಾಗೆಯೇ, ಆದರೆ ಎರಡು ಭಾಗ ಮಾಡಿ ನೋಡಬೇಕು. ಜಾಕ್‌ಪಾಟನ್ನು ಬದಿಗಿಟ್ಟು ಉಳಿದ ಸಣ್ಣಪುಟ್ಟ ಗೆಲುವುಗಳಿಂದ ನೂರಕ್ಕೆ ಎಷ್ಟು ವಾಪಸ್ ಬರುತ್ತದೋ ಅದು ಮೂಲ ವಾಪಸಾತಿ. ನೂರರಿಂದ ಅದನ್ನು ಕಳೆದರೆ ಸೋರಿಕೆ. ಹೈಡ್ರಾಲಿಕ್ ಕೆಲಸ ಮಾಡುವ ಕಾಕಾನಿಗೆ ಈ ಶಬ್ದ ಬಹಳ ಹಿಡಿಸಿತು. ಜಾಕ್‌ಪಾಟ್ ಈ ಸೋರಿಕೆಯನ್ನು ತುಂಬಿಕೊಟ್ಟರೆ ಆಟ ಸಮ, ಅದಕ್ಕಿಂತ ಹೆಚ್ಚು ಕೊಟ್ಟರೆ ನಮಗೆ ಲಾಭ.

ಎಡವುವುದು ಇಲ್ಲೇ. ಯಂತ್ರದ ಸಹಾಯ ಪರದೆಯಲ್ಲಿ "ವಾಪಸಾತಿ ಶೇ 94" ಎಂದಿದ್ದರೆ ಅದರಲ್ಲಿ ಜಾಕ್‌ಪಾಟಿನ ಪಾಲೂ ಸೇರಿರಬಹುದು. ಸೇರಿದ್ದರೆ ಅದನ್ನು ತೆಗೆದ ಮೇಲೆ ಉಳಿಯುವುದೇ ಮೂಲ ವಾಪಸಾತಿ. ಸೇರಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಸೇರಿದೆ ಎಂದೇ ಹಿಡಿಯಿರಿ, ದುಬಾರಿ ಬದಿಗೆ ತಪ್ಪುವುದು ಒಳ್ಳೆಯದು. ಕಾನೂನಿನ ಕೆಳಮಿತಿಯನ್ನು ನಂಬಿ ಕೂರುವಂತೆಯೂ ಇಲ್ಲ. ಅಮೆರಿಕದ ನೆವಾಡಾದಲ್ಲೇ ಕೆಳಮಿತಿ ಇರುವುದು ಶೇ 75.

ಎರಡನೇ ಹೆಜ್ಜೆ: ಗೆರೆ ಎಳೆಯುವುದು

ಬೇಕಾದ ಇನ್ನೊಂದು ಸಂಖ್ಯೆ ಜಾಕ್‌ಪಾಟಿನ ಅಂತರ, ಅಂದರೆ ಸರಾಸರಿ ಎಷ್ಟು ಸ್ಪಿನ್ನಿಗೆ ಒಮ್ಮೆ ಅದು ಬೀಳುತ್ತದೆ ಎಂಬುದು. ಬೆಟ್, ಸೋರಿಕೆ, ಅಂತರ ಮೂರನ್ನೂ ಗುಣಿಸಿದರೆ ಗೆರೆ, ಅಂದರೆ ಆಟ ಸಮವಾಗುವ ಮೀಟರ್ ಮೊತ್ತ, ಸಿಗುತ್ತದೆ:

ಗೆರೆ = ಒಂದು ಸ್ಪಿನ್ನಿನ ಬೆಟ್ × ಸೋರಿಕೆ × ಅಂತರ

ಬೆಟ್ 50 ರೂಪಾಯಿ, ಮೂಲ ವಾಪಸಾತಿ ಶೇ 88, ಅಂತರ 5 ಲಕ್ಷ ಸ್ಪಿನ್ ಎಂದು ಇಟ್ಟುಕೊಳ್ಳಿ. ಪ್ರತಿ ಸ್ಪಿನ್ನಿಗೆ 6 ರೂಪಾಯಿ ಸೋರುತ್ತದೆ. 6 × 5,00,000 = 30 ಲಕ್ಷ. ಮೀಟರ್ 30 ಲಕ್ಷ ಮುಟ್ಟುವ ತನಕ ಆಟ ಕ್ಯಾಸಿನೊದ್ದು.

ಕಾಕಾ ನೋಡಿದ 24 ಲಕ್ಷವನ್ನು ಇದೇ ಯಂತ್ರದ ಮೇಲೆ ಇಟ್ಟರೆ? 24,00,000 ÷ 5,00,000 = ಸ್ಪಿನ್ನಿಗೆ 4 ರೂಪಾಯಿ 80 ಪೈಸೆ. ಐವತ್ತರಲ್ಲಿ ಅದು ಶೇ 9.6. ಮೂಲದ 88ಕ್ಕೆ ಕೂಡಿದರೆ 97.6. ಸಾಮಾನ್ಯ ಸ್ಲಾಟಿಗಿಂತ ಒಳ್ಳೆಯದು, ಆದರೂ ನೂರಕ್ಕೆ 2 ರೂಪಾಯಿ 40 ಪೈಸೆ ನಷ್ಟದ ಆಟ.

ಬೆಟ್ ದೊಡ್ಡದಾದರೆ ಜಾಕ್‌ಪಾಟಿನ ಸಾಧ್ಯತೆಯೂ ಅದೇ ಪ್ರಮಾಣದಲ್ಲಿ ಏರುವ ಯಂತ್ರಗಳಿವೆ. ಅಲ್ಲಿ ಅಂತರವನ್ನು ಸ್ಪಿನ್ನಿನಲ್ಲಿ ಹೇಳದೆ "ಇಷ್ಟು ರೂಪಾಯಿ ಆಟಕ್ಕೆ ಒಮ್ಮೆ" ಎಂದು ಹಿಡಿದರೆ ಗೊಂದಲವಿಲ್ಲ. ಇನ್ನು ಕೆಲವದರಲ್ಲಿ ಪೂರ್ತಿ ಬೆಟ್ ಹಾಕದಿದ್ದರೆ ಜಾಕ್‌ಪಾಟೇ ಇಲ್ಲ. ಸಣ್ಣ ಬೆಟ್ಟಿನಲ್ಲಿ ಕೂತು ಮೀಟರ್ ನೋಡುತ್ತಾ ಖುಷಿಪಡುವವರನ್ನು ನಾನೇ ಕಂಡಿದ್ದೇನೆ. ಬೇರೆಯವರ ಮದುವೆಯ ಮೆರವಣಿಗೆಯಲ್ಲಿ ಕುಣಿದಂತೆ.

ಮೂರನೇ ಹೆಜ್ಜೆ: ಆ ಗೆರೆಗೆ ಮೀಟರ್ ಎಂದಾದರೂ ಹೋಗುತ್ತದೆಯೇ?

ಈ ಹೆಜ್ಜೆಯನ್ನು ಬಹಳ ಮಂದಿ ಹಾಕುವುದೇ ಇಲ್ಲ. ನನ್ನ ಮಟ್ಟಿಗೆ ಇಡೀ ಲೆಕ್ಕದ ತಿರುಳು ಇದು.

ಮೇಲಿನ ಯಂತ್ರದ ಶುರುವಿನ ಮೊತ್ತ 10 ಲಕ್ಷ, ಬೆಟ್ಟಿನ ಶೇ 1 ಮೀಟರಿಗೆ ಹೋಗುತ್ತದೆ ಎನ್ನೋಣ. ಅಂದರೆ ಸ್ಪಿನ್ನಿಗೆ 50 ಪೈಸೆ. 10ರಿಂದ 30 ಲಕ್ಷಕ್ಕೆ ಏರಲು 20 ಲಕ್ಷ ರೂಪಾಯಿ ಬೇಕು, ಅದಕ್ಕೆ 40 ಲಕ್ಷ ಸ್ಪಿನ್ ಆಗಬೇಕು. ಆದರೆ ಜಾಕ್‌ಪಾಟ್ ಸರಾಸರಿ 5 ಲಕ್ಷ ಸ್ಪಿನ್ನಿಗೆ ಒಮ್ಮೆ ಬಿದ್ದೇಬಿಡುತ್ತದೆ. ಹಾಗಾದರೆ ಸರಾಸರಿ ಅಂತರದ 8 ಪಟ್ಟು ಹೊತ್ತು ಅದು ಬೀಳದೇ ಉಳಿಯಬೇಕು.

ಬೀಳದೇ ಉಳಿಯುವ ಸಾಧ್ಯತೆಗೆ ಸುಲಭದ ಸೂತ್ರವಿದೆ. 2.718 ಅನ್ನು ಅಷ್ಟು ಸಲ ಗುಣಿಸಿ, ಒಂದನ್ನು ಅದರಿಂದ ಭಾಗಿಸಿ. ಒಂದು ಪಟ್ಟಿಗೆ ಸುಮಾರು 37 ಶೇಕಡಾ, ಎರಡು ಪಟ್ಟಿಗೆ 13 ಅಥವಾ 14, ನಾಲ್ಕಕ್ಕೆ 2ಕ್ಕೂ ಕಡಿಮೆ. ಎಂಟು ಪಟ್ಟಿಗೆ ಸುಮಾರು 3,000ದಲ್ಲಿ ಒಂದು. ಮೀಟರ್ ಮೂರು ಸಾವಿರ ಸಲ ಶುರುವಿನ ಮೊತ್ತದಿಂದ ಹೊರಟರೆ ಒಮ್ಮೆ ಮಾತ್ರ ಗೆರೆ ಮುಟ್ಟುತ್ತದೆ. ಆ ದಿನವೇ ನೀವು ಪಣಜಿಯಲ್ಲಿರಬೇಕು.

ಏರಿಕೆ ದರ ಶೇ 2 ಇದ್ದಿದ್ದರೆ? 20 ಲಕ್ಷ ಸ್ಪಿನ್ನಿನಲ್ಲಿ ಗೆರೆ ಮುಟ್ಟುತ್ತದೆ, ನಾಲ್ಕು ಪಟ್ಟು, 55ರಲ್ಲಿ ಒಂದು ಸಲ. ಎಷ್ಟು ಫರಕು ನೋಡಿ. ಆದ್ದರಿಂದ ಮೀಟರಿನ ದೊಡ್ಡ ಅಂಕಿಗಿಂತ ಅದು ಏರುವ ವೇಗವನ್ನು ನೋಡುವುದು ಜಾಣತನ. ಅಳೆಯುವ ರೀತಿ ಸರಳ: ಸುತ್ತಮುತ್ತ ಆ ಮೀಟರಿಗೆ ಜೋಡಿಸಿದ ಯಂತ್ರಗಳಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಒಬ್ಬರು ಆಡುವುದನ್ನು ಹಿಂದೆ ನಿಂತು ನೋಡಿ. 10,000 ರೂಪಾಯಿ ಆಟವಾದಾಗ ಮೀಟರ್ 60 ರೂಪಾಯಿ ಏರಿದ್ದರೆ ದರ ಶೇ 0.6. ಇದಕ್ಕೆ ನಿಮ್ಮ ದುಡ್ಡು ಖರ್ಚಾಗುವುದಿಲ್ಲ, ಕಾಲುನೋವು ಮಾತ್ರ. ಬೇರೆ ಹಡಗಿನ, ಬೇರೆ ಊರಿನ ಯಂತ್ರಗಳೂ ಜೋಡಣೆಯಾಗಿದ್ದರೆ ಈ ಅಳತೆ ಕೆಲಸಕ್ಕೆ ಬಾರದು.

ನಾಲ್ಕನೇ ಹೆಜ್ಜೆ: ಸರಕಾರದ ಪಾಲು

ಅಮೆರಿಕದವರು ಬರೆದ ಲೆಕ್ಕವನ್ನು ನಮ್ಮವರು ಹಾಗೇ ನಕಲು ಮಾಡಿ ಕೈಸುಟ್ಟುಕೊಳ್ಳುವುದು ಇಲ್ಲಿ. ನಮ್ಮಲ್ಲಿ ಜೂಜಿನ ಗೆಲುವಿಗೆ ಶೇ 30 ಆದಾಯ ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 31.2. ಒಂದು ಗೆಲುವು 10,000 ದಾಟಿದರೆ ಕೊಡುವವರೇ ಮುರಿದುಕೊಂಡು ಕೊಡಬೇಕು. ಮುರಿಯದಿದ್ದರೂ ತೆರಿಗೆ ನಿಮ್ಮ ಮೇಲಿನದೇ. ವರ್ಷವಿಡೀ ಸೋತ ದುಡ್ಡನ್ನು ಗೆದ್ದದ್ದರಿಂದ ಕಳೆಯಲು ಬಿಡುವುದಿಲ್ಲ. ಕಾಕಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಗಡಿಯಲ್ಲಿ ಕಬ್ಬಿಣದ ಖರೀದಿ ಕಳೆದು ಲಾಭಕ್ಕೆ ತೆರಿಗೆ ಕಟ್ಟುವವರಿಗೆ, ಖರ್ಚೇ ಲೆಕ್ಕಕ್ಕಿಲ್ಲ ಎಂಬುದು ಅರ್ಥವಾಗಲು ಹೊತ್ತು ಬೇಕು.

ಗೆದ್ದ ರೂಪಾಯಿಯಲ್ಲಿ ಕೈಗೆ ಬರುವುದು 68.8 ಪೈಸೆ. ಹಾಗಾಗಿ ಗೆರೆಯನ್ನು 0.688ರಿಂದ ಭಾಗಿಸಬೇಕು. 30 ಲಕ್ಷ ÷ 0.688 = ಸುಮಾರು 43.6 ಲಕ್ಷ. ಈಗ ಮೂರನೇ ಹೆಜ್ಜೆಯನ್ನು ಮತ್ತೆ ಹಾಕಿ. ಶೇ 1 ಏರಿಕೆಯಲ್ಲಿ 10ರಿಂದ 43.6ಕ್ಕೆ ಹೋಗಲು 67 ಲಕ್ಷ ಸ್ಪಿನ್, ಅಂತರದ 13.4 ಪಟ್ಟು. ಸುಮಾರು 7 ಲಕ್ಷ ಸಲದಲ್ಲಿ ಒಮ್ಮೆ.

ಇನ್ನೂ ಮುಗಿದಿಲ್ಲ. ಚಿಪ್ಸ್ (ಆಟಕ್ಕೆ ಬಳಸುವ ಬಿಲ್ಲೆ) ಕೊಳ್ಳಲು ಕೊಡುವ ಹಣದ ಮೇಲೆ ಜಿಎಸ್‌ಟಿ ಇದೆ. 2023ರ ಅಕ್ಟೋಬರ್‌ನಿಂದ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದ ಹಣವನ್ನೇ ತಿರುಗಿ ಆಡಿದರೆ ಅದಕ್ಕೆ ಮತ್ತೆ ಬೀಳುವುದಿಲ್ಲ, ಹೊಸದಾಗಿ ಕೌಂಟರಿನಲ್ಲಿ ಕೊಟ್ಟ ಹಣಕ್ಕೆ ಮಾತ್ರ. ಕೌಂಟರಿನಲ್ಲಿ ಕೇಳಿಕೊಳ್ಳಿ: "1,000 ರೂಪಾಯಿಯ ಚಿಪ್ಸ್‌ಗೆ ಜೇಬಿನಿಂದ ಎಷ್ಟು ಹೋಗುತ್ತದೆ?" ಪೂರ್ತಿ ಹೊರೆ ನಿಮ್ಮ ಮೇಲೆ ಬಂದರೆ ಉತ್ತರ 1,400. ದೀರ್ಘಕಾಲ ಆಡುವವನು ಹೊಸದಾಗಿ ತರುವ ಹಣ ಹೆಚ್ಚುಕಮ್ಮಿ ಸೋರಿದಷ್ಟೇ ಇರುತ್ತದೆ. ಆದ್ದರಿಂದ ಸೋರಿಕೆಯನ್ನೇ 1.4ರಿಂದ ಗುಣಿಸಿದರೆ ಸರಿಸುಮಾರು ಹೊಂದುತ್ತದೆ. ಶೇ 12 ಈಗ 16.8 ಆಯಿತು. ಗೆರೆ 61 ಲಕ್ಷ ದಾಟಿತು. ವರ್ಷದ ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಬೇರೆ, ಅದನ್ನೂ ಹಿಡಿದರೆ 64 ಲಕ್ಷದ ಹತ್ತಿರ. 30 ಲಕ್ಷ ಎಂದು ಶುರುವಾದ ಗೆರೆ ಇದು.

ಕಾಕಾ ಪೆನ್ನು ಇಸಿದುಕೊಂಡು ತಾವೇ ಒಮ್ಮೆ ಗುಣಿಸಿ ನೋಡಿದರು. "ಅಂದ್ರ ನಾ ನೋಡಿದ ಇಪ್ಪತ್ನಾಕ..." ಎಂದು ಅರ್ಧಕ್ಕೆ ನಿಲ್ಲಿಸಿದರು. "ಅರ್ಧ ದಾರೀನೂ ಆಗಿಲ್ಲ ಕಾಕಾ," ಎಂದೆ.

ಅಂತರ ಗೊತ್ತಾಗುವುದು ಹೇಗೆ?

ಇಷ್ಟೆಲ್ಲ ಲೆಕ್ಕ ನಿಂತಿರುವುದು ನಾನು ಊಹಿಸಿಕೊಂಡ 5 ಲಕ್ಷದ ಮೇಲೆ. ನಿಜವಾದ ಅಂತರ ತಯಾರಕರ ಲೆಕ್ಕಪತ್ರದಲ್ಲಿರುತ್ತದೆ, ಯಂತ್ರದ ಮುಂದೆ ಬರೆದಿರುವುದಿಲ್ಲ. ಬರೀ ಚಕ್ರ ಎಣಿಸಿ ಕಂಡುಹಿಡಿಯಲೂ ಆಗುವುದಿಲ್ಲ, ಟೆಲ್ನೇಸ್ ಪೇಟೆಂಟಿನ ಕಥೆ ಮೇಲೆ ಹೇಳಿದೆನಲ್ಲ. ಅಂತರ ಗೊತ್ತಿಲ್ಲದ ಯಂತ್ರಕ್ಕೆ ಗೆರೆ ಇಲ್ಲ. ಗೆರೆ ಇಲ್ಲದ ಯಂತ್ರದ ಮುಂದೆ "ಈಗ ಲಾಭ" ಎನ್ನುವವನು ಲೆಕ್ಕ ಹಾಕಿದವನಲ್ಲ.

ಅಂತರ ಖಚಿತವಾಗಿ ಗೊತ್ತಿರುವ ಒಂದು ಜಾತಿ ವಿಡಿಯೊ ಪೋಕರ್, ಅಂದರೆ ಇಸ್ಪೀಟು ಆಡಿಸುವ ಯಂತ್ರ. 52 ಎಲೆಯ ಲೆಕ್ಕ ಯಾರೂ ಮುಚ್ಚಿಡುವಂಥದ್ದಲ್ಲ. ಸರಿಯಾಗಿ ಆಡಿದರೆ ರಾಯಲ್ ಫ್ಲಶ್ (ಆ ಆಟದ ಅತಿ ದೊಡ್ಡ ಗೆಲುವಿನ ಕೈ) ಸುಮಾರು 40,000 ಕೈಗೆ ಒಮ್ಮೆ. ಐದು ನಾಣ್ಯದ ಬೆಟ್ಟಿಗೆ ಸಾಮಾನ್ಯವಾಗಿ 4,000 ನಾಣ್ಯ ಕೊಡುತ್ತಾರೆ. ಆ 4,000 ಸೇರಿಸಿಯೂ ಆಟ ಎಷ್ಟು ಶೇಕಡಾ ಸೋರುತ್ತದೋ, ಪ್ರತಿ ಒಂದು ಶೇಕಡಾಕ್ಕೆ ಜಾಕ್‌ಪಾಟ್ ಇನ್ನೂ 2,000 ನಾಣ್ಯ ಏರಬೇಕು. ತೆರಿಗೆಗೆ ಮೊದಲಿನ ಲೆಕ್ಕ ಇದು.

ಹೆಸರಾಂತ ಮೆಗಾಬಕ್ಸ್ ಅನ್ನೂ ಒಮ್ಮೆ ತೂಗಿ ನೋಡೋಣ. 1986ರಲ್ಲಿ ನೆವಾಡಾದಲ್ಲಿ ಶುರುವಾದ, ರಾಜ್ಯದ ಅನೇಕ ಕ್ಯಾಸಿನೊಗಳನ್ನು ಒಂದೇ ಮೀಟರಿಗೆ ಜೋಡಿಸಿದ ಆಟ. ಬೆಟ್ 3 ಡಾಲರ್, ಅಂತರ ಸುಮಾರು 5 ಕೋಟಿ ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ. 2003ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನ ಎಕ್ಸ್‌ಕ್ಯಾಲಿಬರ್‌ನಲ್ಲಿ 3.97 ಕೋಟಿ ಡಾಲರ್ ಬಿತ್ತು, ದಾಖಲೆ. ಆ ಎತ್ತರದಲ್ಲೂ ಜಾಕ್‌ಪಾಟಿನ ಪಾಲು ಸ್ಪಿನ್ನಿಗೆ 79 ಸೆಂಟ್, ಮೂರು ಡಾಲರಿನ ಶೇ 26. ಸಮವಾಗಲು ಉಳಿದ ಆಟ 74ರ ಹತ್ತಿರ ಕೊಡಬೇಕು. ಅದೂ ದುಡ್ಡು ಒಮ್ಮೆಲೇ ಕೈಗೆ ಬಂದರೆ. ಅಲ್ಲಿ ಪೂರ್ತಿ ಮೊತ್ತ ಕೊಡುವುದು 25 ವರ್ಷದ ಕಂತಿನಲ್ಲಿ. ಇಪ್ಪತ್ತೈದನೇ ವರ್ಷದ ಕಂತಿಗೆ ಇವತ್ತು ಬೆಲೆ ಎಷ್ಟು ಎಂಬುದನ್ನು ಎಲ್‌ಐಸಿ ಏಜೆಂಟರನ್ನು ಕೇಳಿದರೆ ಸಾಕು.

"ಇಷ್ಟರೊಳಗೆ ಬೀಳಲೇಬೇಕು" ಎಂಬ ಯಂತ್ರ

ಅಂತರ ಗೊತ್ತಿಲ್ಲದೆಯೂ ಲೆಕ್ಕ ಹಾಕಬಹುದಾದ ಸ್ಲಾಟ್ ಒಂದೇ ಬಗೆ. ಮೀಟರಿನ ಪಕ್ಕದಲ್ಲೇ ಬರೆದಿರುತ್ತದೆ: 50,000 ಮುಟ್ಟುವುದರೊಳಗೆ ಬೀಳುತ್ತದೆ ಎಂದು. ಇಲ್ಲಿ ಯಂತ್ರ ಶುರುವಿನಲ್ಲೇ ಒಂದು ಗುಪ್ತ ಮೊತ್ತವನ್ನು ಆರಿಸಿಟ್ಟುಕೊಂಡಿರುತ್ತದೆ. ಮೀಟರ್ ಅದನ್ನು ದಾಟಿಸಿದ ಸ್ಪಿನ್ ಯಾರದ್ದೋ ಅವರಿಗೆ ಜಾಕ್‌ಪಾಟ್. ಕಾಕಾನ "ಇನ್ನೇನ ಬೀಳೂದ ಐತಿ" ಎಂಬ ಮಾತು ನಿಜವಾಗುವುದು ಇಲ್ಲಿ ಮಾತ್ರ.

ಗುಪ್ತ ಮೊತ್ತ ಎಲ್ಲಿ ಬೇಕಾದರೂ ಇರಬಹುದು, ಎಲ್ಲ ಜಾಗಕ್ಕೂ ಸಮಾನ ಅವಕಾಶ ಎಂದು ಹಿಡಿದರೆ, ಉಳಿದ ದಾರಿಯ ಸರಾಸರಿ ಅರ್ಧಕ್ಕೆ ಅದು ಬೀಳುತ್ತದೆ. ಈಗ ಮೀಟರ್ 48,000, ಏರಿಕೆ ದರ ಶೇ 0.5, ಸೋರಿಕೆ ಶೇ 10 ಎನ್ನಿ. ಉಳಿದ ದಾರಿ 2,000, ಅದರ ಅರ್ಧ 1,000. ಮೀಟರ್ 1,000 ಏರಲು ಆಡಬೇಕಾದ್ದು 1,000 ÷ 0.005 = 2 ಲಕ್ಷ ರೂಪಾಯಿಯ ಬೆಟ್. ಅದರಲ್ಲಿ ಸೋರುವುದು 20,000. ಸಿಗುವ ಜಾಕ್‌ಪಾಟ್ ಸರಾಸರಿ 49,000. ಕಾಗದದ ಮೇಲೆ 29,000 ಲಾಭ.

ತೆರಿಗೆ ಕಳೆದು 49,000ದಲ್ಲಿ ಕೈಗೆ 33,712. ಜಿಎಸ್‌ಟಿ ಸೇರಿಸಿ ಸೋರಿಕೆ 28,000. ಉಳಿಯುವುದು 5,712. ಈಗಲೂ ಲಾಭವೇ, ಆದರೆ ಚೋರ್ಲಾ ಹಾದಿಯ ಡೀಸೆಲ್, ಪ್ರವೇಶ ಶುಲ್ಕ, ರಾತ್ರಿ ಉಳಿಯುವ ಖೋಲಿಯ ಬಾಡಿಗೆ ಅದರಲ್ಲೇ ಏಳಬೇಕು. ಬೆಟ್ 50 ಇಟ್ಟರೆ 4,000 ಸ್ಪಿನ್, ತಾಸಿಗೆ 600ರಂತೆ ಆರೂಮುಕ್ಕಾಲು ತಾಸು. ಅದೃಷ್ಟ ಕೆಟ್ಟು ಗುಪ್ತ ಮೊತ್ತ ತುತ್ತತುದಿಯಲ್ಲಿದ್ದರೆ 4 ಲಕ್ಷದ ಆಟ, 13 ತಾಸು, ಸೋರಿಕೆ 56,000, ಕೈಗೆ ಬರುವ ಜಾಕ್‌ಪಾಟ್ 34,400. ಗೆದ್ದೂ 21,600 ಸೋಲು.

ಗೆರೆಯನ್ನು ನೇರವಾಗಿ ಕಾಣಲು:

ಗೆರೆ = ಗರಿಷ್ಠ ಮೊತ್ತ × (ಸೋರಿಕೆ − ಏರಿಕೆ) ÷ (ಸೋರಿಕೆ + ಏರಿಕೆ)

ತೆರಿಗೆ ಹಿಡಿಯಬೇಕಾದರೆ ಏರಿಕೆಯನ್ನು 0.688ರಿಂದ, ಸೋರಿಕೆಯನ್ನು 1.4ರಿಂದ ಗುಣಿಸಿ ಇದರಲ್ಲಿ ಹಾಕಿ. ನಮ್ಮ ಯಂತ್ರಕ್ಕೆ ಬರೀ ಗೆರೆ 45,238. ಆದಾಯ ತೆರಿಗೆ ಹಿಡಿದರೆ 46,674. ಜಿಎಸ್‌ಟಿಯೂ ಸೇರಿದರೆ 47,602. ಏರಿಕೆ ದರ ದೊಡ್ಡದಾದಷ್ಟೂ ಗೆರೆ ಕೆಳಗಿಳಿಯುತ್ತದೆ, ಸೋರಿಕೆ ದೊಡ್ಡದಾದಷ್ಟೂ ಮೇಲೇರುತ್ತದೆ.

ಎಲ್ಲ ಜಾಗಕ್ಕೂ ಸಮಾನ ಅವಕಾಶ ಎಂಬುದು ನಮ್ಮ ಊಹೆ ಎಂಬುದನ್ನು ಮರೆಯಬಾರದು. ತಯಾರಕ ಗುಪ್ತ ಮೊತ್ತವನ್ನು ತುದಿಯ ಕಡೆಗೆ ವಾಲಿಸಿಟ್ಟಿದ್ದರೆ ಮೇಲಿನ ಗೆರೆಗಳೆಲ್ಲ ಸುಳ್ಳು. ನಾನು ಅದಕ್ಕೆ ಕಡುಲೆಕ್ಕ ಒಂದನ್ನು ಇಟ್ಟುಕೊಂಡಿದ್ದೇನೆ: ಜಾಕ್‌ಪಾಟ್ ತುದಿಯಲ್ಲೇ ಬೀಳುತ್ತದೆ ಎಂದು ಹಿಡಿದು, ಆಗಲೂ ನಷ್ಟವಾಗದ ಜಾಗ ಯಾವುದು ಎಂದು ನೋಡುವುದು. ಕೈಗೆ ಬರುವ 34,400ಕ್ಕೆ ಎಷ್ಟು ಆಟ ತಾಳುತ್ತದೆ? 34,400 ÷ 0.14 = ಸುಮಾರು 2,45,700 ರೂಪಾಯಿಯ ಬೆಟ್. ಅಷ್ಟಕ್ಕೆ ಮೀಟರ್ 1,229 ಏರುತ್ತದೆ. ಹಾಗಾಗಿ 48,771. ಇದರ ಮೇಲೆ ಮೀಟರ್ ಕಂಡರೆ, ಊಹಿಸಿದ ದರಗಳು ಸರಿಯಿದ್ದರೆ, ಸರಾಸರಿ ಲೆಕ್ಕ ನಿಮ್ಮ ಕೈಬಿಡದು.

ಒಂದೇ ಮೀಟರಿಗೆ ನಾಲ್ಕು ಯಂತ್ರ ಜೋಡಿಸಿದ್ದು, ಉಳಿದ ಮೂರರಲ್ಲಿ ಮಂದಿ ಕೂತಿದ್ದರೆ? ಗೆರೆ ಬದಲಾಗುವುದಿಲ್ಲ. ಲಾಭ ಮಾತ್ರ ಹಂಚಿಹೋಗುತ್ತದೆ. ನಾಲ್ವರೂ ಒಂದೇ ವೇಗದಲ್ಲಿ ಆಡಿದರೆ ನಿಮ್ಮ ಪಾಲು ಕಾಲುಭಾಗ, ದಾರಿಖರ್ಚು ಮಾತ್ರ ಪೂರ್ತಿ ನಿಮ್ಮದೇ.

ಗಂಟಿನ ಲೆಕ್ಕ

ಗೆರೆ ದಾಟಿದೆ ಎಂದರೆ ಇವತ್ತು ಗೆಲ್ಲುತ್ತೀರಿ ಎಂದಲ್ಲ. ಮೊದಲ ಯಂತ್ರವನ್ನೇ ತೆಗೆದುಕೊಳ್ಳಿ, ಮೀಟರ್ ಗೆರೆಯನ್ನೂ ಮೀರಿ ನಿಂತಿದೆ ಎನ್ನಿ. ಐದು ತಾಸು ಕೂತರೆ 3,000 ಸ್ಪಿನ್. ಜಾಕ್‌ಪಾಟ್ ಬೀಳುವ ಸಾಧ್ಯತೆ ಶೇ 0.6. ಉಳಿದ 99.4ರಲ್ಲಿ ಸರಾಸರಿ 18,000 ಕಳಕೊಂಡು ಎದ್ದುಬರುತ್ತೀರಿ. ಅರ್ಧಕ್ಕರ್ಧ ಸಾಧ್ಯತೆ ಬೇಕೆಂದರೆ ಸುಮಾರು 3.47 ಲಕ್ಷ ಸ್ಪಿನ್ ಆಡಬೇಕು, 578 ತಾಸು. ಅಷ್ಟು ಹೊತ್ತಿಗೆ ಸೋರಿದ್ದು 20 ಲಕ್ಷದ ಮೇಲೆ. "ಲಾಭದ ಆಟ" ಎಂಬ ಮಾತಿನ ನಿಜವಾದ ಬೆಲೆ ಇದು. ಹೊರದೇಶಗಳಲ್ಲಿ ಇದನ್ನು ಕಸುಬಾಗಿ ಮಾಡುವವರು ತಂಡ ಕಟ್ಟಿಕೊಂಡು, ಗಂಟು ಕೂಡಿಸಿ, ಪಾಳಿಯ ಮೇಲೆ ಕೂರುತ್ತಾರೆ. ಒಂಟಿಯಾಗಿ ಶನಿವಾರ ಹೋಗಿ ಭಾನುವಾರ ಬರುವವನ ಕೆಲಸವಲ್ಲ. "ಬೀಳಲೇಬೇಕು" ಯಂತ್ರದಲ್ಲಾದರೆ ಕೂರುವ ಮೊದಲೇ ತುದಿಯ ಸೋರಿಕೆಯಷ್ಟು, ಮೇಲಿನ ಉದಾಹರಣೆಯಲ್ಲಿ 56,000, ಕೈಯಲ್ಲಿರಬೇಕು. ಸ್ಲಾಟಿನ ಏರಿಳಿತಕ್ಕೆ ಇನ್ನೂ ಅರ್ಧದಷ್ಟು ಮೇಲೆ ಇಡಿ. ನಡುವೆ ದುಡ್ಡು ತೀರಿ ಎದ್ದರೆ, ನೀವು ಏರಿಸಿಕೊಟ್ಟ ಮೀಟರಿನ ಮುಂದೆ ಇನ್ನೊಬ್ಬ ಬಂದು ಕೂರುತ್ತಾನೆ.

ಆ ದುಡ್ಡು ಸಾಲದ್ದಾದರೆ, ಭಿಶಿ ಎತ್ತಿದ್ದಾದರೆ, ಸೊಸಾಯಿಟಿಯಲ್ಲಿ ಬಂಗಾರ ಇಟ್ಟು ತಂದದ್ದಾದರೆ, ಮೇಲಿನ ಯಾವ ಸೂತ್ರವೂ ಅದಕ್ಕೆ ಹೊಂದುವುದಿಲ್ಲ. ಲೆಕ್ಕ ಗೊತ್ತಿದ್ದೂ ಎದ್ದುಬರಲು ಆಗುತ್ತಿಲ್ಲ ಎನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎಂಬ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಆಸ್ಪತ್ರೆ) ಕೂಡ ನಮಗೆ ದೂರವಲ್ಲ.

ಕಾಕಾ ಜಾಬ್ ಕಾರ್ಡನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದರು. ಎರಡು ವಾರ ಬಿಟ್ಟು ರಾತ್ರಿ ಒಂಬತ್ತಕ್ಕೆ ಫೋನು. ಹಿಂದೆ ಯಂತ್ರಗಳ ಗಿಲಿಗಿಲಿ.

"ಸರ, ಆ ಬೀಳಲೇಬೇಕು ಮಷಿನ್ ಸಿಕ್ಕತ್ರಿ. ಐವತ್ತ ಸಾವಿರದ್ದ. ಈಗ ನಲವತ್ತಾರ ಸಾವಿರದ ಒಂಬೈನೂರ ಐತಿ."

"ಕಾರ್ಡಿನ ಮ್ಯಾಲ ಎಷ್ಟ ಬರದೈತಿ ಕಾಕಾ?"

ಕಾಗದ ಬಿಚ್ಚಿದ ಸದ್ದು. "ನಲವತ್ತೇಳ ಸಾವಿರದ ಆರನೂರ ಎರಡ."

"ಮತ್ತ?"

ಸ್ವಲ್ಪ ಹೊತ್ತು ಬರೀ ಗಿಲಿಗಿಲಿ. ಆಮೇಲೆ ಕಾಕಾ ಅಂದರು, "ಎದರಿಗೆ ಒಬ್ಬಾಂವ ಕುಂತಾನ್ರಿ, ಅಂವ ಏರಸ್ಲಿ ತಡ್ರಿ. ನಾ ಹೊರಗ ಚಾ ಕುಡದ ಬರ್ತೀನಿ."